ನೀರಿನಾಳದ ಮೊದಲ ಮುಳುಗು: ರಜೆಗೆ ಸ್ಥಳ ಆರಿಸುವ ಮುನ್ನ

ಸ್ಕೂಬಾ ಡೈವಿಂಗ್ ಈಗ ಬೆರಳೆಣಿಕೆಯ ಸಾಹಸಿಗರ ಹವ್ಯಾಸವಾಗಿ ಉಳಿದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿಯ ವ್ಯಾಪಾರಿ, ಮೈಸೂರಿನ ಉಪನ್ಯಾಸಕಿ, ಅಷ್ಟೇಕೆ, ಈಜು ಬಾರದವರೂ ಸಹ ಒಮ್ಮೆ ಕಡಲಿನ ಒಳಗನ್ನು ಕಂಡು ಬರೋಣವೆಂದು ಹೊರಡುತ್ತಿದ್ದಾರೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಕಂಡ ಬಳಿಕ, ನಮ್ಮದೇ ಕರಾವಳಿಯ ನೇತ್ರಾಣಿಯಲ್ಲಿ ಇಂಥದೊಂದು ಲೋಕವಿದೆ ಎಂಬುದು ಒಳನಾಡಿನ ಕನ್ನಡಿಗರಿಗೂ ತಿಳಿಯಿತು.

ಆದರೆ ಸ್ಥಳದ ಆಯ್ಕೆ ಮಾತ್ರ ಬಹುತೇಕ ಸಂದರ್ಭಗಳಲ್ಲಿ ಒಂದು ಸುಂದರ ಛಾಯಾಚಿತ್ರವನ್ನು ನೋಡಿ ನಡೆದುಬಿಡುತ್ತದೆ. ನೀಲಿ ನೀರು, ಬಣ್ಣದ ಮೀನು, ಹೆಬ್ಬೆರಳು ಎತ್ತಿ ನಗುವ ಪ್ರವಾಸಿಗ. (ಅಂದ ಹಾಗೆ, ಡೈವಿಂಗ್ ಸಂಜ್ಞೆಯಲ್ಲಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ.) ಹೊರಟವರಿಗೆ ವಾಸ್ತವ ತಿಳಿಯುವುದು ದಡ ಮುಟ್ಟಿದ ಮೇಲೆ. ಕಡಲು ಪ್ರಕ್ಷುಬ್ಧವಾಗಿದೆ, ದೋಣಿ ಹೊರಡುವುದಿಲ್ಲ. ಮಗನಿಗೆ ಎಂಟು ವರ್ಷ, ಅವನನ್ನು ನೀರಿಗೆ ಇಳಿಸುವುದಿಲ್ಲ. ಅಪ್ಪನಿಗೆ ಆಸ್ತಮಾ ಇದೆ, ವೈದ್ಯರ ಪತ್ರ ಬೇಕು. ಅಮ್ಮನಿಗೆ ದೋಣಿ ಪ್ರಯಾಣದಲ್ಲೇ ವಾಂತಿ. ಇನ್ನು ಮೂರು ದಿನ ಏನು ಮಾಡುವುದು?

ಮೊದಲ ಬಾರಿಗೆ ಡೈವಿಂಗ್ ಮಾಡುವವರು ನೀರಿನೊಳಗೆ ಕಳೆಯುವುದು ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ ಮಾತ್ರ. ಉಳಿದ ರಜೆಯೆಲ್ಲ ನೀರಿನ ಹೊರಗೇ ಕಳೆಯುತ್ತದೆ. ಆದ್ದರಿಂದ ಡೈವಿಂಗ್ ಮಾಡಲಾಗದ ಗಂಟೆಗಳೂ ಚೆನ್ನಾಗಿ ಕಳೆಯುವ ಊರೇ ಹೊಸಬರಿಗೆ ಒಳ್ಳೆಯ ಊರು. ಈ ಒಂದು ಅಳತೆಗೋಲನ್ನು ಹಿಡಿದು ನೋಡಿದರೆ ಆಯ್ಕೆ ಸುಲಭವಾಗುತ್ತದೆ, ಪ್ರಯಾಣವೂ ಸುರಕ್ಷಿತವಾಗುತ್ತದೆ.

ರುಚಿ ನೋಡುವುದೋ, ಕಲಿಯುವುದೋ?

ಸ್ಥಳಕ್ಕೂ ಮುನ್ನ ನಿರ್ಧಾರವಾಗಬೇಕಾದ ಪ್ರಶ್ನೆ ಇದು. ಪ್ರವಾಸಿ ತಾಣಗಳಲ್ಲಿ 'ಸ್ಕೂಬಾ' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಮಾರಾಟ ಮಾಡಲಾಗುತ್ತದೆ.

ಮೊದಲನೆಯದು ಪರಿಚಯ ಡೈವ್. ದಡದಲ್ಲಿ ಅಥವಾ ಆಳವಿಲ್ಲದ ನೀರಿನಲ್ಲಿ ಅಲ್ಪಾವಧಿಯ ತರಬೇತಿ ನೀಡಿ, ಬೋಧಕರೊಬ್ಬರು ಜೊತೆಗಿದ್ದು ನೀರಿನೊಳಗೆ ಕರೆದೊಯ್ಯುತ್ತಾರೆ. 1966ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ 'ಪಾಡಿ' ಸಂಸ್ಥೆಯ ನಿಯಮದಂತೆ ಇಂಥ ಡೈವ್‌ಗೆ ಕನಿಷ್ಠ ವಯಸ್ಸು 10 ವರ್ಷ, ಗರಿಷ್ಠ ಆಳ 12 ಮೀಟರ್. ಇದಕ್ಕೆ ಈಜು ಬರಲೇಬೇಕೆಂದಿಲ್ಲ. ಆದರೆ ಇದರಿಂದ ಯಾವುದೇ ಅರ್ಹತೆಯೂ ಲಭಿಸುವುದಿಲ್ಲ. ಕೊನೆಗೆ ಕೊಡುವ ಬಣ್ಣದ ಪ್ರಮಾಣಪತ್ರ ನೆನಪಿನ ಕಾಣಿಕೆಯೇ ಹೊರತು ಪರವಾನಗಿಯಲ್ಲ.

ಎರಡನೆಯದು 'ಓಪನ್ ವಾಟರ್' ಕೋರ್ಸ್. ಸಾಮಾನ್ಯವಾಗಿ ಮೂರರಿಂದ ನಾಲ್ಕು ದಿನ ಹಿಡಿಯುತ್ತದೆ. ಪಾಠ, ಶಾಂತ ನೀರಿನಲ್ಲಿ ಅಭ್ಯಾಸ, ನಂತರ ಕಡಲಿನಲ್ಲಿ ನಾಲ್ಕು ಡೈವ್‌ಗಳು ಇರುತ್ತವೆ. ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಉತ್ತೀರ್ಣರಾದ ವಯಸ್ಕರು ಜೊತೆಗಾರರೊಂದಿಗೆ 18 ಮೀಟರ್ ಆಳದವರೆಗೆ ಇಳಿಯಬಹುದು. ಈ ಅರ್ಹತೆಗೆ ಜಗತ್ತಿನ ಬಹುತೇಕ ಡೈವಿಂಗ್ ಕೇಂದ್ರಗಳಲ್ಲಿ ಮಾನ್ಯತೆ ಇದೆ.

ವಾರಾಂತ್ಯದ ಎರಡು ದಿನ ಕೈಯಲ್ಲಿದ್ದರೆ ಪರಿಚಯ ಡೈವ್ ಸಾಕು, ಅದಕ್ಕೆ ಹತ್ತಿರದ ಊರು ಸಾಕು. ಆರೇಳು ದಿನವಿದ್ದು ನಿಜಕ್ಕೂ ಕಲಿಯುವ ಮನಸ್ಸಿದ್ದರೆ ಮಾತ್ರ ದೂರದ ದ್ವೀಪಗಳಿಗೆ ಹಣ ವ್ಯಯಿಸುವುದರಲ್ಲಿ ಅರ್ಥವಿದೆ.

ಹೊಸಬರಿಗೆ ಎಂಥ ನೀರು?

ಕಡಲಿನ ಮೇಲ್ಮೈಯಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ ಒಂದು ವಾತಾವರಣದಷ್ಟು. ಪ್ರತಿ 10 ಮೀಟರ್ ಇಳಿದಂತೆ ಅದಕ್ಕೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಎಂದರೆ 10 ಮೀಟರ್ ಆಳದಲ್ಲಿ ಎರಡು ಪಟ್ಟು, 20 ಮೀಟರ್ ಆಳದಲ್ಲಿ ಮೂರು ಪಟ್ಟು. 10 ಮೀಟರ್ ಆಳದಲ್ಲಿ ಗಾಳಿ ತುಂಬಿ ಕಟ್ಟಿದ ಬಲೂನು ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಉಬ್ಬುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದವರ ಶ್ವಾಸಕೋಶಕ್ಕೂ ಇದೇ ಅಪಾಯವಿದೆ. 'ಉಸಿರಾಟವನ್ನು ಎಂದೂ ನಿಲ್ಲಿಸಬೇಡಿ' ಎಂಬುದು ಡೈವಿಂಗ್‌ನ ಮೊದಲ ಪಾಠವಾಗಿರುವುದು ಇದೇ ಕಾರಣಕ್ಕೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒತ್ತಡದ ಅನುಪಾತ ಅತಿ ವೇಗವಾಗಿ ಬದಲಾಗುವುದು ಆಳದಲ್ಲಲ್ಲ, ಮೇಲಿನ 10 ಮೀಟರ್‌ನಲ್ಲೇ. ಕಿವಿ ನೋಯುವುದೂ, ಗಾಬರಿಯಾಗುವುದೂ ಬಹುಪಾಲು ಇಲ್ಲಿಯೇ. ಆದ್ದರಿಂದ 'ಆಳ ಕಡಿಮೆ, ಭಯವಿಲ್ಲ' ಎಂಬ ಮಾತು ಪೂರ್ಣ ಸತ್ಯವಲ್ಲ. ಆಳ ಕಡಿಮೆಯಿರುವುದರ ಜೊತೆಗೆ ನೀರು ಶಾಂತವಾಗಿರಬೇಕು, ಸೆಳೆತ ಇರಬಾರದು, ಬೋಧಕರ ಮುಖ ಸ್ಪಷ್ಟವಾಗಿ ಕಾಣುವಷ್ಟು ತಿಳಿಯಾಗಿರಬೇಕು. ಕಾಲೂರಿ ನಿಲ್ಲಬಹುದಾದ ದಡದಿಂದ ಮೆಲ್ಲಗೆ ಇಳಿಯುವ ಅವಕಾಶವಿದ್ದರೆ ಇನ್ನೂ ಉತ್ತಮ. ಅಂಥ ಕಡೆ ಕಿವಿ ನೋವಾದರೆ, ಮನಸ್ಸು ಅಳುಕಿದರೆ ನಾಲ್ಕು ಹೆಜ್ಜೆ ಹಿಂದೆ ಬಂದರಾಯಿತು. ದೋಣಿಯಿಂದ ನೇರ ನೀರಿಗೆ ಬೀಳುವವರಿಗೆ ಈ ಅನುಕೂಲವಿಲ್ಲ.

ಪಂಚಾಂಗ ಮೊದಲು, ಭೂಪಟ ಆಮೇಲೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಆಳ್ವಿಕೆ. ಕರ್ನಾಟಕದಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ. ಬದುಕೇ ಕಡಲಾಗಿರುವ ಮೊಗವೀರರ ದೋಣಿಗಳು ದಡದಲ್ಲಿರುವ ಕಾಲದಲ್ಲಿ ಪ್ರವಾಸಿಗರು ನೀರಿಗಿಳಿಯುವ ಮಾತೇ ಬರುವುದಿಲ್ಲ. ಮಳೆ ನಿಂತ ಮೇಲೂ ನದಿಗಳು ತಂದ ಕೆಂಪು ನೀರು ತಿಳಿಯಾಗಲು ಕಾಲ ಬೇಕು. ಹೀಗಾಗಿ ನೇತ್ರಾಣಿ, ಗೋವಾ, ಮಾಲ್ವಣಗಳ ಹಂಗಾಮು ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಎನ್ನಬಹುದು. ಡಿಸೆಂಬರ್ ಮತ್ತು ಜನವರಿ ಈ ಹಂಗಾಮಿನ ಮಧ್ಯಭಾಗ.

ಪೂರ್ವ ಕರಾವಳಿಯ ಲೆಕ್ಕ ಬೇರೆ. ಪುದುಚೇರಿ ಭಾಗದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆ ಹಾಗೂ ಚಂಡಮಾರುತಗಳ ಭೀತಿ ಇರುತ್ತದೆ. ಅಲ್ಲಿಗೆ ಹೋಗುವವರು ಫೆಬ್ರುವರಿಯ ನಂತರ ಯೋಚಿಸುವುದು ಒಳಿತು.

ನಮ್ಮ ಶಾಲೆಗಳ ರಜೆಯ ಜೊತೆ ಇದನ್ನು ಹೊಂದಿಸಿ ನೋಡಬೇಕು. ದಸರಾ ರಜೆಯಲ್ಲಿ ಕಡಲು ಆಗಷ್ಟೇ ಶಾಂತವಾಗುತ್ತಿರುತ್ತದೆ. ವರ್ಷಾಂತ್ಯದ ರಜೆಯಲ್ಲಿ ನೀರು ಚೆನ್ನಾಗಿದ್ದರೂ ಜನಜಂಗುಳಿ ಹೆಚ್ಚು. ಏಪ್ರಿಲ್ ಅನುಕೂಲಕರ. ಮೇ ಕೊನೆಯ ವಾರಕ್ಕೆ ಟಿಕೆಟ್ ಕಾದಿರಿಸುವುದು ಮಾತ್ರ ಜೂಜು.

ನೇತ್ರಾಣಿ: ನಮ್ಮದೇ ಅಂಗಳದ ಕಡಲು

ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ ನೇತ್ರಾಣಿ ದ್ವೀಪ. ಬಂಡೆಗಳ ಕಡಿದಾದ ಅಂಚು, ಸುತ್ತ ಹವಳ, ಚಿಟ್ಟೆ ಮೀನು, ಗಿಳಿ ಮೀನುಗಳ ಹಿಂಡು. ದಡದಿಂದ ದೂರವಿರುವುದರಿಂದ ನದಿ ನೀರಿನ ಕೆಸರು ಇಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಆದ್ದರಿಂದಲೇ ಒಳ್ಳೆಯ ದಿನಗಳಲ್ಲಿ ಇಲ್ಲಿನ ನೀರು ಪಶ್ಚಿಮ ಕರಾವಳಿಯ ಇತರ ತಾಣಗಳಿಗಿಂತ ತಿಳಿಯಾಗಿರುತ್ತದೆ.

ಆದರೆ ಹೊಸಬರು ಎರಡು ವಿಷಯಗಳನ್ನು ತಿಳಿದಿರಬೇಕು. ದ್ವೀಪ ತಲುಪಲು ಒಂದು ಗಂಟೆಗೂ ಮೀರಿದ ದೋಣಿ ಪ್ರಯಾಣವಿದೆ. ಜೊತೆಗೆ ಮರಳಿನ ದಡವಿಲ್ಲದ ಕಾರಣ ದೋಣಿಯಿಂದಲೇ ನೀರಿಗಿಳಿಯಬೇಕು. ವಾಕರಿಕೆಯ ತೊಂದರೆ ಇರುವವರು ವೈದ್ಯರನ್ನು ಕೇಳಿ ಮುಂಚಿತವಾಗಿಯೇ ಮಾತ್ರೆ ಸೇವಿಸುವುದು ಲೇಸು. ದಡದಲ್ಲಿ ಅಥವಾ ಕೊಳದಲ್ಲಿ ಅಭ್ಯಾಸ ಮಾಡಿಸಿದ ಮೇಲೆಯೇ ದ್ವೀಪಕ್ಕೆ ಕರೆದೊಯ್ಯುವ ಕೇಂದ್ರವನ್ನು ಆರಿಸಿಕೊಳ್ಳುವುದು ಇನ್ನೂ ಲೇಸು.

ಡೈವಿಂಗ್ ಮಾಡದವರಿಗೆ ಈ ಸೀಮೆ ಉದಾರವಾಗಿದೆ. ಮುರ್ಡೇಶ್ವರದ 20 ಅಂತಸ್ತಿನ ರಾಜಗೋಪುರ ಹಾಗೂ 123 ಅಡಿ ಎತ್ತರದ ಶಿವನ ವಿಗ್ರಹ, ಇಡಗುಂಜಿಯ ಗಣಪತಿ, ಹೊನ್ನಾವರದ ಶರಾವತಿ ಅಳಿವೆಯಲ್ಲಿ ದೋಣಿ ವಿಹಾರ, ಅಲ್ಲಿನ ಕಾಂಡ್ಲಾ ವನದ ನಡುವಿನ ನಡಿಗೆ ಹಾದಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಕಡಲತೀರ, ಇವೆಲ್ಲ ಅರ್ಧ ದಿನದ ಓಡಾಟದಲ್ಲೇ ಸಿಗುತ್ತವೆ. ಗೋಕರ್ಣ ಹಾಗೂ ಜೋಗ ಜಲಪಾತಗಳಿಗೆ ಒಂದೊಂದು ದಿನ ಮೀಸಲಿಡಬಹುದು. ನವೆಂಬರ್ ಆರಂಭದಲ್ಲಿ ಹೋದರೆ ಜೋಗದಲ್ಲಿ ಇನ್ನೂ ನೀರಿರುತ್ತದೆ, ನೇತ್ರಾಣಿಯ ಹಂಗಾಮೂ ಆರಂಭವಾಗಿರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಡೈವಿಂಗ್ ಮಾಡುವವರಿಗೆ ಬೋಧಕರಿರುತ್ತಾರೆ, ದಡದಲ್ಲಿ ಉಳಿದವರಿಗೆ ಯಾರೂ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲತೀರದಲ್ಲಿ ನೀರುಪಾಲಾದ ಘಟನೆಯನ್ನು ಮರೆಯುವಂತಿಲ್ಲ. ಜೀವರಕ್ಷಕರು ಗುರುತಿಸಿದ ಜಾಗವನ್ನು ಬಿಟ್ಟು ಬೇರೆಡೆ ನೀರಿಗಿಳಿಯಬಾರದು.

ಮಾಲ್ವಣ ಮತ್ತು ಗೋವಾ: ಹತ್ತಿರ, ಆದರೆ ಮಸುಕು

ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಮಹಾರಾಷ್ಟ್ರದ ಮಾಲ್ವಣ ಹಾಗೂ ಗೋವಾ ಹತ್ತಿರ. ಮಾಲ್ವಣದಲ್ಲಿ ಸಿಂಧುದುರ್ಗ ಕೋಟೆಯ ಸಮೀಪದ ಆಳವಿಲ್ಲದ ನೀರಿನಲ್ಲಿ ಪರಿಚಯ ಡೈವ್ ಮಾಡಿಸಲಾಗುತ್ತದೆ. ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಡೈವಿಂಗ್ ತರಬೇತಿ ಸಂಸ್ಥೆಯಿದ್ದು, ಅಲ್ಲಿ ಅಭ್ಯಾಸಕ್ಕೆಂದೇ ಕೊಳವಿದೆ. ಕಡಲಿಗೆ ಇಳಿಯುವ ಮುನ್ನ ಕೊಳದಲ್ಲಿ ಧೈರ್ಯ ತಂದುಕೊಳ್ಳಬಯಸುವವರಿಗೆ ಇದು ದೊಡ್ಡ ಅನುಕೂಲ. ಶಿವಾಜಿ 1664ರಲ್ಲಿ ಕಟ್ಟಿಸಲು ಆರಂಭಿಸಿದ ಕೋಟೆ, ಕರ್ಲಿ ನದಿಯ ಹಿನ್ನೀರು, ಮಾಲ್ವಣಿ ಊಟ, ಇವು ಉಳಿದವರ ಪಾಲಿಗೆ.

ಗೋವಾದಲ್ಲಿ ಡೈವಿಂಗ್ ದೋಣಿಗಳು ಹೆಚ್ಚಾಗಿ ಗ್ರ್ಯಾಂಡ್ ಐಲ್ಯಾಂಡ್ ಕಡೆಗೆ ಸಾಗುತ್ತವೆ. ಡೈವಿಂಗ್ ಹೊರತಾದ ಚಟುವಟಿಕೆಗಳಲ್ಲಿ ಗೋವಾಕ್ಕೆ ಸರಿಸಾಟಿಯಿಲ್ಲ. ಹಳೆ ಗೋವಾದ ಚರ್ಚುಗಳು, ಫೊಂಡಾ ಸುತ್ತಲಿನ ದೇವಾಲಯಗಳು, ಮಸಾಲೆ ತೋಟಗಳು, ಕಯಾಕಿಂಗ್ ಎಲ್ಲವೂ ಇವೆ. ಆದರೆ ನೀರಿನ ತಿಳಿತನ ಮಾತ್ರ ಹಲವು ದಿನ ಕೆಲವೇ ಮೀಟರ್‌ಗಳಿಗೆ ಸೀಮಿತ. ಚಿತ್ರಗಳಲ್ಲಿ ಕಾಣುವ ನೀಲಿಯನ್ನು ಇಲ್ಲಿ ನಿರೀಕ್ಷಿಸಿದರೆ ನಿರಾಶೆ ಖಚಿತ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಡೈವಿಂಗ್ ಆಸೆಯಿದ್ದು ಉಳಿದ ಐವರಿಗೆ ಬೇರೆ ಆಸೆಗಳಿದ್ದರೆ ಗೋವಾ ಸರಿಯಾದ ಊರು.

ಈ ಎರಡೂ ಕಡೆ ಅಗ್ಗದ ದರದ ಪೈಪೋಟಿ ಜೋರಾಗಿದೆ. ಅಪಾಯ ನೀರಿನೊಳಗೆ ಮಾತ್ರ ಇರುತ್ತದೆಂದು ಭಾವಿಸಬಾರದು. 2022ರ ಮೇ 24ರಂದು ತಾರ್ಕರ್ಲಿ ಬಳಿ ಡೈವಿಂಗ್ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗರು ಮೃತಪಟ್ಟರು. ದೋಣಿ ಹತ್ತಿದ ಕ್ಷಣದಿಂದ ಇಳಿಯುವವರೆಗೆ ಜೀವರಕ್ಷಕ ಅಂಗಿಯನ್ನು ತೊಟ್ಟಿರಬೇಕು. ಕೊಡದಿದ್ದರೆ ದೋಣಿಯನ್ನೇ ಹತ್ತಬಾರದು.

ಲಕ್ಷದ್ವೀಪ: ಹೊಸಬರಿಗೆ ಹೇಳಿ ಮಾಡಿಸಿದ ನೀರು

ಕಲಿಯುವ ನೀರು ಹೇಗಿರಬೇಕೆಂದು ಮೇಲೆ ಹೇಳಿದೆವೋ ಲಕ್ಷದ್ವೀಪದ ಲಗೂನುಗಳು ಹಾಗೆಯೇ ಇವೆ. ಹವಳದ ದಿಬ್ಬ ಹೊರಗಿನ ಅಲೆಗಳನ್ನು ತಡೆಯುತ್ತದೆ. ಒಳಗೆ ಬಿಳಿ ಮರಳಿನ ನೆಲ, ಆಳವಿಲ್ಲದ ತಿಳಿನೀರು. ಕಡಮತ್, ಕವರತ್ತಿ, ಬಂಗಾರಂ ದ್ವೀಪಗಳಲ್ಲಿ ಡೈವಿಂಗ್ ವ್ಯವಸ್ಥೆ ಬೆಳೆದಿದೆ. ಕಡಮತ್ ಸೇರಿದಂತೆ ಅಮೀನ್‌ದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು ಎಂಬುದನ್ನು ಇಂದು ನೆನಪಿಡುವವರು ಕಡಿಮೆ.

ಪ್ರಧಾನಿ ನರೇಂದ್ರ ಮೋದಿ ಅವರ 2024ರ ಜನವರಿಯ ಭೇಟಿಯ ನಂತರ ಈ ದ್ವೀಪಗಳತ್ತ ಪ್ರವಾಸಿಗರ ಗಮನ ಹೆಚ್ಚಿತು. ಆದರೆ ಇಲ್ಲಿಗೆ ಹೊರಟವರು ಪ್ರವೇಶ ಪರವಾನಗಿ ಪಡೆಯಬೇಕು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಉಳಿದ ದಾರಿ ಕೊಚ್ಚಿಯಿಂದ ಹಡಗು. ಕೊಠಡಿಗಳ ಸಂಖ್ಯೆ ಸೀಮಿತ. ನೀರಾಟಗಳನ್ನು ಬಿಟ್ಟರೆ ಇತರ ಚಟುವಟಿಕೆಗಳು ವಿರಳ. ಸ್ನಾರ್ಕೆಲಿಂಗ್, ಕಯಾಕ್, ಗಾಜಿನ ತಳದ ದೋಣಿ, ತೆಂಗಿನ ತೋಪಿನಲ್ಲಿ ನಡಿಗೆ, ಅಷ್ಟೇ. ಅಂಗಡಿ ಬೀದಿ ಬಯಸುವ ಮಕ್ಕಳಿಗೆ ಮೂರನೆಯ ದಿನ ಬೇಸರವಾದೀತು. ಮೌನವನ್ನೇ ಅರಸಿ ಹೊರಟ ದಂಪತಿಗೆ ಇದೇ ವರ.

ಅಂಡಮಾನ್: ಎಲ್ಲರಿಗೂ ಒಂದಷ್ಟು

ವಾರವಿಡೀ ರಜೆ ಇದ್ದು, ಒಬ್ಬರು ಕೋರ್ಸ್ ಮುಗಿಸಬೇಕು, ಇನ್ನೊಬ್ಬರು ಸುತ್ತಾಡಬೇಕು, ಹಿರಿಯರಿಗೂ ನೋಡಲು ಏನಾದರೂ ಇರಬೇಕು ಎನ್ನುವ ಕುಟುಂಬಕ್ಕೆ ದೇಶದೊಳಗೆ ಅಂಡಮಾನ್‌ಗಿಂತ ಉತ್ತಮ ಆಯ್ಕೆ ಕಾಣದು. 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪ ಎಂದು ಮರುನಾಮಕರಣಗೊಂಡ ಹ್ಯಾವ್‌ಲಾಕ್ ಇಲ್ಲಿನ ಡೈವಿಂಗ್ ಕೇಂದ್ರ. ದಡಕ್ಕೆ ಸಮೀಪದ ಆಳವಿಲ್ಲದ ಹವಳದ ಜಾಗಗಳಲ್ಲಿ ಹೊಸಬರಿಗೆ ಪಾಠ ನಡೆಯುತ್ತದೆ. ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಹಲವಿರುವುದರಿಂದ ವಿಚಾರಿಸಿ ಆರಿಸಿಕೊಳ್ಳಲು ಅವಕಾಶವಿದೆ.

ಸೂರ್ಯಾಸ್ತಕ್ಕೆ ಹೆಸರಾದ ರಾಧಾನಗರ ತೀರ, ಕಾಡಿನ ನಡುವೆ ನಡೆದು ಸೇರುವ ಎಲಿಫೆಂಟ್ ಬೀಚ್, ಕಾಂಡ್ಲಾ ವನದಲ್ಲಿ ಕಯಾಕ್, ಇವು ಅದೇ ದ್ವೀಪದಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಲ್ಲಿ, 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲಾರ್ ಜೈಲು ಹಾಗೂ ಅಲ್ಲಿನ ಧ್ವನಿ-ಬೆಳಕಿನ ಕಾರ್ಯಕ್ರಮ ಹಿರಿಯರನ್ನು ಹಿಡಿದು ನಿಲ್ಲಿಸುತ್ತವೆ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳಿಗೆ ಒಂದು ಪೂರ್ತಿ ದಿನ ಬೇಕು.

ಹವಾಮಾನ ಕೆಟ್ಟರೆ ದ್ವೀಪಗಳ ನಡುವಿನ ಹಡಗು ರದ್ದಾಗುವ ಸಾಧ್ಯತೆ ಇರುವುದರಿಂದ, ವಿಮಾನದ ಹಿಂದಿನ ರಾತ್ರಿ ಸ್ವರಾಜ್ ದ್ವೀಪದಲ್ಲಿ ಉಳಿಯದೆ ಶ್ರೀ ವಿಜಯಪುರಂಗೆ ಬಂದಿರುವುದು ಕ್ಷೇಮ.

ವಿದೇಶದ ಆಸೆ ಇದ್ದವರಿಗೆ

ಮೇ ತಿಂಗಳ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವವರು ಶ್ರೀಲಂಕಾವನ್ನು ಪರಿಶೀಲಿಸಬಹುದು. ಅಲ್ಲಿನ ಪಶ್ಚಿಮ ಮತ್ತು ದಕ್ಷಿಣದ ಹಿಕ್ಕಡುವಾ ಭಾಗಕ್ಕೆ ನವೆಂಬರ್‌ನಿಂದ ಏಪ್ರಿಲ್ ಸೂಕ್ತ. ಪೂರ್ವದ ತ್ರಿಂಕೋಮಲಿಗೆ ಮೇನಿಂದ ಸೆಪ್ಟೆಂಬರ್ ಸೂಕ್ತ. ನಮ್ಮಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ಅಲ್ಲಿ ಕಡಲು ಶಾಂತವಾಗಿರುತ್ತದೆ. ತ್ರಿಂಕೋಮಲಿ ಬಳಿಯ ಡೈವಿಂಗ್ ತಾಣದ ಹೆಸರು ಪಿಜನ್ ಐಲ್ಯಾಂಡ್. ನೇತ್ರಾಣಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು ಎಂಬುದು ಸ್ವಾರಸ್ಯ.

ಕೋರ್ಸ್ ಮುಗಿಸುವುದೇ ಉದ್ದೇಶವಾದರೆ ಥಾಯ್ಲೆಂಡ್‌ನ ಕೋ ತಾವೋ ದ್ವೀಪ ಜಗತ್ತಿನಾದ್ಯಂತ ಕಲಿಕೆದಾರರಿಗೆ ಹೆಸರುವಾಸಿ. ಅಲ್ಲಿ ಮಳೆ ಹೆಚ್ಚುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಮಾಲ್ಡೀವ್ಸ್ ಸುಂದರವಾದರೂ ಹಲವೆಡೆ ಸೆಳೆತ ಬಲವಾಗಿರುತ್ತದೆ. ಹೊಸಬರು ಅಲ್ಲಿ ಲಗೂನಿನೊಳಗಿನ ಪಾಠಕ್ಕೆ ತೃಪ್ತಿಪಡಬೇಕು.

ಮರಳುವ ದಾರಿಯ ಲೆಕ್ಕ

ಇದು ಕರ್ನಾಟಕದ ಪ್ರವಾಸಿಗರು ವಿಶೇಷವಾಗಿ ಗಮನಿಸಬೇಕಾದ ವಿಷಯ. ನೀರಿನಾಳದಲ್ಲಿ ಹೆಚ್ಚಿನ ಒತ್ತಡದ ಗಾಳಿ ಉಸಿರಾಡುವಾಗ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗುತ್ತದೆ. ಅಷ್ಟರೊಳಗೆ ಎತ್ತರಕ್ಕೇರಿದರೆ ಸುತ್ತಲ ಒತ್ತಡ ತಟ್ಟನೆ ಇಳಿದು, ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಆಗುವಂತೆ, ದೇಹದೊಳಗೆ ಗುಳ್ಳೆಗಳು ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮಗಳಿವೆ.

ಆದ್ದರಿಂದಲೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ನಡೆಸಿದ ತಜ್ಞರ ಸಭೆಯಿಂದ ರೂಪುಗೊಂಡ ಮಾರ್ಗಸೂಚಿ ಹೀಗೆ ಹೇಳುತ್ತದೆ: ಸಾಮಾನ್ಯ ಸ್ವರೂಪದ ಒಂದೇ ಡೈವ್ ಆಗಿದ್ದರೆ ವಿಮಾನ ಏರುವ ಮುನ್ನ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ರಜೆಯ ಕೊನೆಯ ದಿನವನ್ನು ಪೂರ್ತಿ ಒಣ ದಿನವಾಗಿ ಇರಿಸುವುದು ಅನುಭವಿಗಳ ಪದ್ಧತಿ.

'ನಾವು ವಿಮಾನದಲ್ಲಿ ಹೋಗುವುದಿಲ್ಲ, ಬಸ್ಸಿನಲ್ಲಿ ಮರಳುತ್ತೇವೆ' ಎಂದು ನೇತ್ರಾಣಿಗೆ ಹೋದವರು ನಿಶ್ಚಿಂತರಾಗುವಂತಿಲ್ಲ. ಈ ಮಾರ್ಗಸೂಚಿ ಅನ್ವಯಿಸುವುದು 2,000 ಅಡಿಗಳಿಂದ 8,000 ಅಡಿಗಳವರೆಗಿನ ಎತ್ತರದ ಒತ್ತಡಕ್ಕೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಮೈಸೂರು, ಬೆಳಗಾವಿ, ಹುಬ್ಬಳ್ಳಿಗಳೂ 2,000 ಅಡಿ ದಾಟಿವೆ. ಮಡಿಕೇರಿ ಬೆಂಗಳೂರಿಗಿಂತಲೂ ಎತ್ತರ. ಮಾಲ್ವಣದಿಂದ ಬೆಳಗಾವಿಗೆ ಮರಳುವವರೂ ಅಂಬೋಲಿ ಘಾಟಿ ಏರಲೇಬೇಕು. ದೇಹಕ್ಕೆ ತಿಳಿಯುವುದು ಎತ್ತರ ಮಾತ್ರ, ಏರಿದ್ದು ವಿಮಾನವೋ ಬಸ್ಸೋ ಎಂಬುದಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಡೈವ್ ಮುಗಿಸಿ ಸಂಜೆ ಏಳರ ಬಸ್ಸು ಹಿಡಿದರೆ ಹತ್ತು ಗಂಟೆಯ ಹೊತ್ತಿಗೆ ಘಾಟಿಯ ಮೇಲಿರುತ್ತೀರಿ. ಅಂತರ ಕೇವಲ ಒಂಬತ್ತು ಗಂಟೆ. ಆಳ ಕಡಿಮೆಯಿರುವ ಒಂದೇ ಪರಿಚಯ ಡೈವ್‌ನಲ್ಲಿ ಅಪಾಯ ಅಲ್ಪವೆಂಬುದು ನಿಜ. ಆದರೂ ಆ ರಾತ್ರಿ ಮುರ್ಡೇಶ್ವರದಲ್ಲೇ ತಂಗಿ, ಮರುದಿನ ಹೊನ್ನಾವರ, ಇಡಗುಂಜಿ ನೋಡಿಕೊಂಡು ಹೊರಟರೆ ಈ ಲೆಕ್ಕವೇ ಬೇಕಾಗುವುದಿಲ್ಲ. ಜೋಗಕ್ಕೆ ಹೋಗುವುದಿದ್ದರೂ ಘಾಟಿ ಏರಬೇಕಾದ್ದರಿಂದ ಅದನ್ನು ಡೈವ್‌ಗೆ ಮುಂಚಿನ ದಿನವೇ ಮುಗಿಸುವುದು ಜಾಣತನ. ಮಂಗಳೂರು, ಉಡುಪಿ, ಕಾರವಾರದವರಿಗೆ ಕರಾವಳಿಯಲ್ಲೇ ಸಾಗುವ ರೈಲು ಹಾಗೂ ಹೆದ್ದಾರಿ ಇರುವುದರಿಂದ ಈ ಚಿಂತೆಯಿಲ್ಲ.

ಹಣ ಕಟ್ಟುವ ಮುನ್ನ

ಕೇಂದ್ರವನ್ನು ಆರಿಸುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ.

* ಬೋಧಕರ ಅರ್ಹತೆ ಏನು, ಯಾವ ಸಂಸ್ಥೆಯ ಮಾನ್ಯತೆ ಇದೆ? ಸದಸ್ಯತ್ವದ ಸಂಖ್ಯೆ ಕೇಳುವುದು ಅವಮಾನವಲ್ಲ, ಒಳ್ಳೆಯ ಬೋಧಕರು ಸಂತೋಷದಿಂದ ತೋರಿಸುತ್ತಾರೆ.

* ಒಬ್ಬ ಬೋಧಕರ ಜೊತೆ ಎಷ್ಟು ಮಂದಿ ಇಳಿಯುತ್ತಾರೆ? ಈಜು ಬಾರದವರಿಗೆ ಒಬ್ಬರಿಗೊಬ್ಬರು ಇರುವುದೇ ಸರಿ.

* ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆಯೇ? ಆಸ್ತಮಾ, ಹೃದ್ರೋಗ, ಅಪಸ್ಮಾರ, ಕಿವಿ ಅಥವಾ ಶ್ವಾಸಕೋಶದ ಶಸ್ತ್ರಚಿಕಿತ್ಸೆ ಇದ್ದವರು ಊರಲ್ಲೇ ವೈದ್ಯರ ಒಪ್ಪಿಗೆ ಪಡೆದು ಹೊರಡಬೇಕು. ಗರ್ಭಿಣಿಯರು ಡೈವಿಂಗ್ ಮಾಡುವಂತಿಲ್ಲ. ಹಣ ಹೋದೀತೆಂದು ಸುಳ್ಳು ಬರೆದರೆ ನಷ್ಟ ನಿಮಗೇ. ಈ ಪ್ರಶ್ನಾವಳಿಯನ್ನೇ ಕೊಡದ ಕೇಂದ್ರದಿಂದ ಎದ್ದು ಬರುವುದು ಒಳಿತು.

* ನಿಜಕ್ಕೂ ನೀರಿನೊಳಗೆ ಎಷ್ಟು ನಿಮಿಷ? ದೋಣಿ ಪ್ರಯಾಣ, ಅಭ್ಯಾಸ ಎಲ್ಲ ಸೇರಿಸಿ ಹೇಳುವ 'ಮೂರು ಗಂಟೆ'ಯ ಲೆಕ್ಕಕ್ಕೆ ಮರುಳಾಗಬೇಡಿ.

* ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ? ತುರ್ತು ಸ್ಥಿತಿಯಲ್ಲಿ ಒತ್ತಡ ಚಿಕಿತ್ಸೆಯ ಕೊಠಡಿ ಇರುವ ಹತ್ತಿರದ ಆಸ್ಪತ್ರೆ ಯಾವುದು?

* ಹವಾಮಾನ ಕೆಟ್ಟರೆ, ಅಥವಾ ನೀರಿಗಿಳಿಯುವ ಕ್ಷಣದಲ್ಲಿ ನಿಮಗೇ ಬೇಡವೆನಿಸಿದರೆ ಹಣ ಮರಳುವುದೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಣ ಹೋಗುತ್ತದೆಂಬ ಭಯವೇ ಹಲವರನ್ನು ಮನಸ್ಸಿಲ್ಲದೆ ನೀರಿಗೆ ಇಳಿಸುತ್ತದೆ.

ಕನ್ನಡಕ ಧರಿಸುವವರು ಪವರ್ ಇರುವ ಮುಖವಾಡ ದೊರೆಯುವುದೇ ಎಂದು ಮುಂಚಿತವಾಗಿ ವಿಚಾರಿಸಬೇಕು. ನೆಗಡಿ ಇದ್ದಾಗ ಕಿವಿಯ ಒತ್ತಡ ಸರಿದೂಗಿಸಲು ಆಗುವುದಿಲ್ಲವಾದ್ದರಿಂದ ಅಂದು ಡೈವಿಂಗ್ ಬೇಡ. ಹಿಂದಿನ ರಾತ್ರಿ ಮದ್ಯವೂ ಬೇಡ. ಡೈವ್ ಅನ್ನು ರಜೆಯ ಮೊದಲ ದಿನಗಳಿಗೆ ಇರಿಸಿಕೊಂಡರೆ ಕಡಲು ಮುನಿದ ದಿನ ಮುಂದೂಡಲು ಸ್ಥಳವಿರುತ್ತದೆ, ಕೊನೆಗೆ ಒಣ ದಿನವೂ ತಾನಾಗಿಯೇ ದೊರೆಯುತ್ತದೆ.

ಹವಳದ ಪರವಾಗಿ ಒಂದು ಮಾತು

ಹವಳ ಕಲ್ಲಲ್ಲ, ಸಣ್ಣ ಜೀವಿಗಳ ವಸಾಹತು. ಕಡಲ ನೀರು ಬಿಸಿಯೇರಿದ 1998, 2010, 2016 ಹಾಗೂ 2024ರಲ್ಲಿ ಲಕ್ಷದ್ವೀಪದ ಹವಳಗಳು ಬಣ್ಣ ಕಳೆದುಕೊಂಡು ಬಿಳುಪೇರಿದವು. ಅಂಡಮಾನ್ ಕೂಡ 2010ರಲ್ಲಿ ಭಾರಿ ನಷ್ಟ ಅನುಭವಿಸಿತು. ಹೀಗೆ ಬಳಲಿದ ಹವಳದ ಮೇಲೆ ಹೊಸಬರ ಕಾಲು ತಗುಲಿದರೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಮುಟ್ಟಬಾರದು, ನಿಲ್ಲಬಾರದು, ನೆನಪಿಗೆಂದು ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹವಳ ಸಂಗ್ರಹ ಅಪರಾಧವೂ ಹೌದು. ಮೀನಿಗೆ ಬ್ರೆಡ್ ಹಾಕಿ ಚಿತ್ರ ತೆಗೆಸುವ ಆಮಿಷವೊಡ್ಡುವವರಿಂದಲೂ ದೂರವಿರಿ.

ಒಟ್ಟಿನಲ್ಲಿ ಎರಡು ಮೂರು ದಿನದವರಿಗೆ ನೇತ್ರಾಣಿ, ಕೊಳದಲ್ಲಿ ಅಭ್ಯಾಸ ಬಯಸುವವರಿಗೆ ತಾರ್ಕರ್ಲಿ, ದೊಡ್ಡ ಬಳಗದಲ್ಲಿ ಒಬ್ಬರೇ ಡೈವರ್ ಇದ್ದರೆ ಗೋವಾ, ಶಾಂತಿ ಬಯಸುವವರಿಗೆ ಲಕ್ಷದ್ವೀಪ, ವಾರವಿಡೀ ಬಿಡುವಿರುವ ಕುಟುಂಬಕ್ಕೆ ಅಂಡಮಾನ್ ಎನ್ನಬಹುದು. ಯಾವ ಊರೇ ಆಗಲಿ, ಬೆಳಿಗ್ಗೆ ಎದ್ದು ಕಡಲು ನೋಡಿದ ಬೋಧಕರು 'ಇಂದು ಬೇಡ' ಎಂದರೆ, ಆ ದಿನವನ್ನು ಬೇಸರವಿಲ್ಲದೆ ಕಳೆಯಲು ನಿಮ್ಮ ಬಳಿ ಬೇರೆ ಯೋಜನೆ ಇರಬೇಕು. ಅದಿದ್ದರೆ ಆ ಮಾತನ್ನು ಒಪ್ಪಿಕೊಳ್ಳುವುದು ನಿಮಗೆ ಕಷ್ಟವಾಗುವುದಿಲ್ಲ.